ಇಳಿಬಿದ್ದ ಎಡಭುಜ

ಮಲಪ್ರಭೆಯ ದಂಡೆಯಲ್ಲಿ ಅಡಿವೆಪ್ಪ ಎಂಬ ಚಿತ್ರಗಾರ ಗುರುಗಳಿದ್ದರು. ಅವರ ಹತ್ತಿರ ಕಲಿಯಲು ಕಸ್ತೂರಿ ಬಂದಳು.

ಏನೂ ಬಾರದವಳಲ್ಲ ಆಕೆ. ಅಳಿಲುಗೂದಲ ಕುಂಚ ಹಿಡಿದರೆ ದೇವರ ಕೊರಳಿನ ಒಂದೊಂದು ಮುತ್ತನ್ನೂ ಎಣಿಸುವಂತೆ ಬರೆಯುತ್ತಿದ್ದಳು. ತೀರಿಹೋದ ಅಪ್ಪನ ಮುಖ ಮಾತ್ರ ಕೈಗೆ ದಕ್ಕುತ್ತಿರಲಿಲ್ಲ. ಅವರದೊಂದು ಫೋಟೊ ಕೂಡ ಇರಲಿಲ್ಲ. ಮನಸ್ಸಿನಲ್ಲಿದ್ದದ್ದೂ ವರ್ಷದಿಂದ ವರ್ಷಕ್ಕೆ ಮಸುಕಾಗುತ್ತಿತ್ತು. ಪೂರ್ತಿ ಅಳಿಸಿಹೋಗುವುದರೊಳಗೆ ಬರೆಯದಿದ್ದರೆ ಹೇಗೆ ಎಂಬ ಭಯ ಅವಳಿಗೆ.

ಗುರುಗಳು ಅವಳ ಕುಂಚಗಳನ್ನೆಲ್ಲ ಒಂದು ಗಡಿಗೆಗೆ ಹಾಕಿ ಸೂರಿನಿಂದ ತೂಗುವ ನೆಲುವಿನ ಮೇಲಿಟ್ಟರು. ಬಣ್ಣ ಕಲಸುವ ಮೊಂಡು ಚೂರಿಯನ್ನು ಕೈಗೆ ಕೊಟ್ಟರು.

“ಇನ್ನ ಇದರಿಂದ ಬರಿ.”

“ಇದರಿಂದ ರೊಟ್ಟಿಗೆ ಬೆಣ್ಣಿ ಹಚ್ಚಬಹುದು ಗುರುಗಳ. ರೆಪ್ಪಿ ಹೆಂಗ ಬರೀಲಿ?”

“ಬೆಣ್ಣಿ ಹಚ್ಚಿದಂಗ ಹಚ್ಚು.”

ಮೊದಲ ದಿನವೇ ಹಳೆಯ ಚಾಳಿ ಕೈಕೊಟ್ಟಿತು. ಕುಂಚದ ತುದಿ ಚೂಪು ಮಾಡುವಂತೆ ಚೂರಿಯನ್ನೂ ತುಟಿಗಿಟ್ಟುಕೊಂಡಳು. ತುಟಿಯೆಲ್ಲ ನೀಲಿ! ಗುರುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು.

ದಿನವೂ ಅಪ್ಪನ ಮುಖವನ್ನೇ ಬರೆದಳು. ಚೂರಿಯ ಮೂಲೆಯಿಂದ ಹುಬ್ಬಿನ ಕೂದಲು ಎಳೆಯುವಳು. ಸರಿಬರಲಿಲ್ಲವೆಂದು ಅದರ ಮೇಲೇ ಮತ್ತೆ ಎಳೆಯುವಳು. ಸಂಜೆಯ ಹೊತ್ತಿಗೆ ಹಲಗೆಯ ಮೇಲೆ ಬರೀ ಕೆಸರು. ಗುರುಗಳು ಅದನ್ನು ಕೆರೆದು ತೆಗೆಯುತ್ತಿದ್ದರು.

ತಿಂಗಳಾಯಿತು. ಒಂದು ದಿನ ಚೂರಿ ಬಿಸಾಕಿ ಎದ್ದಳು.

“ನನ್ನ ಕುಂಚ ಕೊಡ್ರಿ. ನಾ ಹೋಗ್ತೀನಿ.”

ಗುರುಗಳು ನೆಲುವಿನ ಕಡೆ ನೋಡಲೂ ಇಲ್ಲ.

“ನಿಮ್ಮಪ್ಪನ ಹುಬ್ಬು ಹೆಂಗಿತ್ತು?”

ಕಸ್ತೂರಿ ಬೆರಳೆತ್ತಿ ಗಾಳಿಯಲ್ಲಿ ಹುಬ್ಬು ಎಳೆಯಹೋದಳು. ಬೆರಳು ನಡುವೆಯೇ ನಿಂತಿತು.

“ನೆನಪಿಲ್ರಿ,” ಎಂದು ಅತ್ತುಬಿಟ್ಟಳು. ತಿಂಗಳಿಂದ ತನಗೇ ಹೇಳಿಕೊಳ್ಳದೆ ಮುಚ್ಚಿಟ್ಟಿದ್ದ ಮಾತು ಅದು.

“ಮತ್ತ ದಿನಾ ಯಾರ ಹುಬ್ಬು ಬರದಿ?”

ಅಳು ತಗ್ಗುವವರೆಗೆ ಗುರುಗಳು ಕಾದರು.

“ಅವರು ಮನೀಗೆ ಬರೂದನ್ನ ಎಲ್ಲಿ ನಿಂತು ನೋಡ್ತಿದ್ದಿ?”

“ಓಣಿ ತುದೀಗೆ. ಸೀರಿ ಗಂಟು ಹೊತ್ತು ಊರೂರು ತಿರುಗಿ ಮಾರತಿದ್ರು. ಸಂಜೀಕ ದೂರದಾಗ ಕಂಡ್ರ ಸಾಕು, ಓಡ್ತಿದ್ದೆ.”

“ಅಷ್ಟು ದೂರಿಂದ ಅವರ ಅಂತ ಹೆಂಗ ಗೊತ್ತಾಗ್ತಿತ್ತು?”

“ಎಡಭುಜ ಇಳಿಬಿದ್ದಿತ್ತಲ್ರಿ. ಗಂಟು ಇಳಿಸಿದ ಮ್ಯಾಲೂ ಹಂಗ ಇರ್ತಿತ್ತು.”

ಗುರುಗಳು ನೆಲದ ಮೇಲಿದ್ದ ಚೂರಿಯನ್ನೆತ್ತಿ ಧೋತರಕ್ಕೆ ಒರೆಸಿ ಅವಳ ಕೈಗಿಟ್ಟರು.

“ಒಮ್ಮಿ ಹಚ್ಚಿದ್ದನ್ನ ಮತ್ತ ಮುಟ್ಟಬ್ಯಾಡ.”

ಕಸ್ತೂರಿ ಹಲಗೆಯ ತುಂಬ ದಾರಿಯ ಧೂಳಿನ ಬಣ್ಣ ಬಳಿದಳು. ಓರೆಯಾಗಿ ಒಂದು ಎಳೆತ, ಭುಜ. ಅದರ ಮೇಲೆ ದಪ್ಪಗೆ ಕೆಂಪು, ಗಂಟು. ಕೆಳಗೆ ಬಿಳಿ ಧೋತರ. ಎಲೆಅಡಿಕೆ ಹಾಕಿಕೊಳ್ಳುವಷ್ಟು ಹೊತ್ತೂ ಹಿಡಿಯಲಿಲ್ಲ.

ಹಿಂದೆ ಸರಿದು ನೋಡಿದಳು. ಧೂಳಿನೊಳಗಿಂದ ಅಪ್ಪ ನಡೆದು ಬರುತ್ತಿದ್ದರು. ಓಡಲೆಂದು ಅವಳ ಕಾಲು ತಾನಾಗಿಯೇ ಒಂದು ಹೆಜ್ಜೆ ಮುಂದಿಟ್ಟಿತು.

ಆ ಸಂತೋಷಕ್ಕೆ ಎಲ್ಲಿಯ ತಾಳ್ಮೆ? ಗಡಿಬಿಡಿಯಲ್ಲಿ ಚೂರಿಯ ತುದಿಗೆ ಮೈಬಣ್ಣ ಎತ್ತಿಕೊಂಡಳು.

“ಮುಖ ಒಂದ ಉಳೀತ್ರಿ, ಗುರುಗಳ!”

ಗುರುಗಳು ಅವಳ ಮುಂಗೈ ಹಿಡಿದರು.

“ಇನ್ನೂ ದೂರ ಅದಾರಲ್ಲವ್ವ. ಬರ್ಲಿ, ತಡಿ.”