ಆನೆಯ ಪರವಾನಗಿ, ಕತ್ತೆಯ ಕೊರಳು

ಹಳ್ಳಕ್ಕೆ ಸೇತುವೆ ಕಟ್ಟಿಸುತ್ತಿದ್ದ ನರಿಗೆ ಅವಸರವಿತ್ತು. ಭಾರದ ದಿಮ್ಮಿಗಳನ್ನು ಪರವಾನಗಿ ಪಡೆದವರೇ ಎತ್ತಬೇಕೆಂಬುದು ಕಾಡಿನ ಕಾನೂನು. ಪರವಾನಗಿಯಿದ್ದ ಆನೆ, "ದಡದ ಮಣ್ಣು ಹಸಿಯಾಗಿದೆ, ಒಣಗುವವರೆಗೆ ಕಾಯೋಣ" ಎಂದು ಹೇಳಿ ಸ್ನಾನಕ್ಕೆ ಹೋಯಿತು. ನರಿ ಕಾಯಲಿಲ್ಲ. ಆನೆ ಕಳಚಿಟ್ಟಿದ್ದ ಪರವಾನಗಿಯ ಬಿಲ್ಲೆಯನ್ನು ತಂದು ಕತ್ತೆಯ ಕೊರಳಿಗೆ ಕಟ್ಟಿತು.

"ಒಡೆಯಾ, ಈ ಕೆಲಸ ನನಗೆ ಬರುವುದಿಲ್ಲ" ಎಂದಿತು ಕತ್ತೆ.

"ಬಿಲ್ಲೆ ಇದೆಯಲ್ಲ, ಇನ್ನೇನು ಬೇಕು?" ಎಂದಿತು ನರಿ.

ತಪಾಸಣೆಗೆ ಬಂದ ಗೂಬೆ ಬಿಲ್ಲೆಯನ್ನು ನೋಡಿತು, ಕತ್ತೆಯನ್ನು ನೋಡಲಿಲ್ಲ, ತಲೆಯಾಡಿಸಿ ಹೋಯಿತು.

ಕತ್ತೆ ಹಗ್ಗ ಎಳೆಯಿತು. ದಿಮ್ಮಿ ಮೇಲೇರುತ್ತಿದ್ದಂತೆ ಹಸಿ ಮಣ್ಣಿನಲ್ಲಿ ಕತ್ತೆಯ ಕಾಲು ಜಾರಿತು. ದಿಮ್ಮಿ ಬಂದು ಕೆಳಗೆ ನಿಂತಿದ್ದ ನರಿಯ ಬಾಲದ ಮೇಲೆ ಬಿತ್ತು.

"ಪರವಾನಗಿ ಇದ್ದರೂ ಏಕೆ ಬಿದ್ದೆ?" ಎಂದು ನರಿ ದಿಮ್ಮಿಯನ್ನು ಗದರಿತು.

"ನನಗೆ ಓದಲು ಬರುವುದಿಲ್ಲ, ಸ್ವಾಮಿ" ಎಂದಿತು ದಿಮ್ಮಿ.