ಕೊಂಡಿ ಹಾಕಿದ ಸೆರಗು

ಸಂಶೋಧನೆಯ ವಿಷಯ ಬರೆದು ಕೊಡಲು ಸೋಮವಾರ ಕೊನೆಯ ದಿನವಾಗಿತ್ತು. ಅದರ ಹಿಂದಿನ ಶುಕ್ರವಾರ ಮಧ್ಯಾಹ್ನ ಭೌತಶಾಸ್ತ್ರದ ವಿದ್ಯಾರ್ಥಿನಿ ನೀಲಾಂಬಿಕೆ ತನ್ನ ಗುರುಗಳ ಬಳಿಗೆ ಬಂದು ಕೇಳಿದಳು:

“ಸರ್, ಗ್ರಹ ನಕ್ಷತ್ರಗಳಿಗೆ ಗುರುತ್ವದ ನಿಯಮ, ಪರಮಾಣುವಿನ ಒಳಗೆ ಕ್ವಾಂಟಂ ನಿಯಮ. ಎರಡೂ ಸರಿ. ಆದರೆ ಎರಡನ್ನೂ ಒಂದೇ ಕಡೆ ಹಚ್ಚಿದರೆ ಉತ್ತರ ಅನಂತ ಬರುತ್ತದೆ. ಕಣ ಚುಕ್ಕೆಯಲ್ಲ, ಸಣ್ಣ ಎಳೆ ಎಂದುಕೊಂಡರೆ ಲೆಕ್ಕ ಕೂಡುತ್ತದೆ ಎನ್ನುತ್ತದೆ ತಂತು ಸಿದ್ಧಾಂತ. ಅದಕ್ಕೆ ನಮ್ಮ ಕಣ್ಣಿಗೆ ಬೀಳದ ಬೇರೆ ಆಯಾಮಗಳೂ ಬೇಕು. ಇಷ್ಟು ವರ್ಷಗಳಾದರೂ ಅದು ನಿಜವೆಂದು ತೋರಿಸಿದ ಒಂದು ಪ್ರಯೋಗವಿಲ್ಲ. ನನ್ನ ಐದು ವರ್ಷಗಳನ್ನು ಅದಕ್ಕೆ ಕೊಡಲೇ?”

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ನೇಕಾರನಿದ್ದ. ಅವನು ನೇಯುವ ಸೀರೆಯ ಒಡಲು ಹತ್ತಿಯದು, ಸೆರಗು ರೇಷ್ಮೆಯದು. ಒಡಲಿನಲ್ಲಿ ತಪ್ಪಿರಲಿಲ್ಲ. ಸೆರಗಿನಲ್ಲೂ ತಪ್ಪಿರಲಿಲ್ಲ. ಹತ್ತಿಯ ಹಾಸು, ಅಂದರೆ ಉದ್ದದ ಎಳೆಗಳು, ಮುಗಿದಲ್ಲಿ ಅದರ ಒಂದೊಂದು ಎಳೆಗೂ ರೇಷ್ಮೆಯ ಒಂದೊಂದು ಎಳೆಯನ್ನು ಗಂಟು ಹಾಕಿ ಮುಂದೆ ನೇಯುತ್ತಿದ್ದ. ಕೈಯಿಂದ ಜಗ್ಗಿ ನೋಡಿದರೆ ಗಟ್ಟಿಯಾಗಿಯೇ ಇರುತ್ತಿತ್ತು.

ಹಿರಿಯ ಮಗಳ ಮದುವೆಗೆ ಅಂಥದ್ದೇ ಸೀರೆ ನೇಯ್ದು ಕೊಟ್ಟ. ಧಾರೆಯಾಯಿತು. ಮಗಳು ಹಿರಿಯರಿಗೆಲ್ಲ ನಮಸ್ಕರಿಸುತ್ತ ಹೋದಳು. ಬಗ್ಗಿ ಎದ್ದು, ಬಗ್ಗಿ ಎದ್ದು, ಗಂಟುಗಳು ಒಂದೊಂದಾಗಿ ಕಡಿದವು. ತುಂಬಿದ ಚಪ್ಪರದಲ್ಲಿ ಸೆರಗು ಕಳಚಿ ನೆಲಕ್ಕೆ ಬಿತ್ತು. ಬೀಗರು ಅಪಶಕುನ ಎಂದರು.

ಗಂಟು ದೊಡ್ಡದಾಯಿತು ಎಂದುಕೊಂಡ ನೇಕಾರ ಅದನ್ನು ಸಣ್ಣದು ಮಾಡಿದ. ಇನ್ನೊಬ್ಬರ ಮದುವೆಯಲ್ಲಿ ಆ ಸೀರೆ ಬೇಗ ಹರಿಯಿತು. ಇನ್ನೂ ಸಣ್ಣದು ಮಾಡಿದ. ಇನ್ನೂ ಬೇಗ ಹರಿಯಿತು. ಎಳೆತವೆಲ್ಲ ಒಂದು ಚುಕ್ಕೆಯ ಮೇಲೆ ಬೀಳುತ್ತಿತ್ತು.

ಅಷ್ಟರಲ್ಲಿ ಕಿರಿಯ ಮಗಳ ಮದುವೆ ಗೊತ್ತಾಯಿತು.

“ಅಪ್ಪಾ, ಒಡಲನ್ನು ನಾನು ಉಡುತ್ತೇನೆ, ಸೆರಗನ್ನು ನೀನು ಹೊದ್ದುಕೊಂಡು ಬಾ,” ಎಂದಳು ಅವಳು. “ಹೇಗೂ ಬೇರೆಯಾಗುವವೇ ತಾನೆ? ಇಲ್ಲವಾದರೆ ಪೇಟೆಯ ಸೀರೆ ತಂದುಕೊಡು.”

ನೇಕಾರನ ಹೆಂಡತಿಗೆ ನಗು ಬಂತು. ಆದರೆ ಅವಳು ಮಗ್ಗದ ಮುಂದೆ ಹೋಗಿ ಕುಳಿತಳು. ಬೆಕ್ಕಿಗೆ ಎಟುಕದಂತೆ ಹಾಲಿನ ಗಡಿಗೆ ತೂಗುಹಾಕಲು ಹಗ್ಗದ ನೆಲುವು ಹೆಣೆಯುವುದು ಅವಳಿಗೆ ಗೊತ್ತಿತ್ತು. ಅದರಂತೆಯೇ ಹತ್ತಿಯ ಎಳೆಯನ್ನು ಮಡಚಿದಳು. ಆ ಮಡಿಕೆಯೊಳಗೆ ರೇಷ್ಮೆಯ ಎಳೆಯನ್ನು ತೂರಿಸಿ ಮಡಚಿದಳು. ಕೊಂಡಿಗೆ ಕೊಂಡಿ. ಗಂಟಿಲ್ಲ. ಎಳೆತ ಒಂದು ಚುಕ್ಕೆಯಲ್ಲಿ ನಿಲ್ಲದೆ ಎಳೆಯಲ್ಲಿ ಹರಡಿಕೊಂಡಿತು. ಬೆಕ್ಕಿಗಾಗಿ ಕಲಿತದ್ದು ಸೆರಗಿಗೆ ಒದಗಿತು.

ನೇಕಾರ ಕೇಳಿದ: “ಬಟ್ಟೆಗೆ ಇರುವುದು ಉದ್ದ, ಅಗಲ. ನಿನ್ನ ಕೊಂಡಿ ತಿರುಗುವುದು ಎಲ್ಲಿ?”

“ದಪ್ಪದಲ್ಲಿ. ಉಡುವವರ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ.”

ಸೀರೆ ಮಗ್ಗದಿಂದ ಇಳಿಯಿತು. ನೇಕಾರ ಜಗ್ಗಿ ನೋಡಿದ. ಹರಿಯಲಿಲ್ಲ. ಗಂಟಿನ ಸೀರೆಯೂ ಕೈಗೆ ಹರಿದಿರಲಿಲ್ಲ. ಮದುವೆಯ ದಿನ ಬೀಳುವಷ್ಟು ಎಳೆತ ಕೊಡುವ ಕೈ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಕಿರಿಯ ಮಗಳು ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. “ಅವ್ವಾ, ನನಗೂ ಅಕ್ಕನ ಹಾಗೆ ಆದರೆ?”

“ಆಗಬಹುದು,” ಎಂದಳು ತಾಯಿ. “ಗಂಟಿನದು ಹರಿಯುತ್ತದೆ ಎಂದು ಗೊತ್ತಿದೆ. ಇದು ಗೊತ್ತಿಲ್ಲ. ಉಡದೆ ಗೊತ್ತಾಗುವುದೂ ಇಲ್ಲ.”

ಗುರುಗಳು ಅಲ್ಲಿಗೆ ನಿಲ್ಲಿಸಿದರು. ನೀಲಾಂಬಿಕೆ ಕೇಳಿದಳು:

“ಸರ್, ಮದುವೆಯಲ್ಲಿ ಸೀರೆ ತಾಳಿತೇ?”

“ಮದುವೆ ಇನ್ನೂ ಆಗಿಲ್ಲಮ್ಮ.”

ಸೋಮವಾರ ನೀಲಾಂಬಿಕೆ ಅರ್ಜಿಯಲ್ಲಿ ತಂತು ಸಿದ್ಧಾಂತ ಎಂದು ಬರೆದು ಕೊಟ್ಟಳು. ಆ ವರ್ಷ ಆ ವಿಷಯ ತೆಗೆದುಕೊಂಡವಳು ಅವಳೊಬ್ಬಳೇ.