ನೀರಿನ ವಿಭಾಗಕ್ಕೆ ಬಂದ ಆದೇಶ

“ಗುರುಗಳೇ, ನಾನು ಕಳಿಸಿದ ಪ್ರಾರ್ಥನೆ ಎಲ್ಲಿಗೆ ಹೋಗುತ್ತದೆ?”

ಕೇಳಿದವನು ಮಠದಲ್ಲಿ ಪಾಠ ಕಲಿಯುತ್ತಿದ್ದ ಚನ್ನವೀರ. ಅವನ ಅಣ್ಣ ಅವನೊಡನೆ ಮಾತು ಬಿಟ್ಟಿದ್ದ. ಅಣ್ಣನ ಮನಸ್ಸು ತಿರುಗಲಿ ಎಂದು ಅವನು ದಿನವೂ ಬೇಡುತ್ತಿದ್ದ. ಏನೂ ಆಗಿರಲಿಲ್ಲ.

ಉತ್ತರಿಸುವ ಮೊದಲು ಗುರುಗಳು ಹೊರಗೆ ಕಣ್ಣು ಹಾಯಿಸಿದರು. “ಜಗಲಿಯ ಮೇಲೆ ಕೂತಿರುವ ತಾಯಿ ಯಾರು?”

“ಬೆಳಿಗ್ಗೆಯಿಂದ ಕೂತಿದ್ದಾರೆ ಬುದ್ಧಿ. ಮಗಳಿಗೆ ಮಠದ ಹಾಸ್ಟೆಲಿನಲ್ಲಿ ಜಾಗ ಬೇಕಂತೆ. ಹಾಸ್ಟೆಲ್ ನೋಡಿಕೊಳ್ಳುವವರು ಊರಲ್ಲಿಲ್ಲ. ಅದು ನನ್ನ ಕೆಲಸ ಅಲ್ಲವಲ್ಲ.”

“ಸರಿ, ಕೂತುಕೋ” ಎಂದು ಗುರುಗಳು ಕತೆ ಹೇಳತೊಡಗಿದರು.

ಒಂದು ಪುರಸಭೆ. ಅಲ್ಲಿ ಒಂದೊಂದು ವಿಭಾಗಕ್ಕೂ ಒಂದೊಂದು ಪ್ರಿಂಟರ್. ಒಬ್ಬರದನ್ನು ಇನ್ನೊಬ್ಬರು ಮುಟ್ಟುವಂತಿರಲಿಲ್ಲ. ತಮ್ಮದು ಕೆಟ್ಟರೆ ಪಕ್ಕದವರ ಮುಂದೆ ಪೆನ್‌ಡ್ರೈವ್ ಹಿಡಿದು ಭಿಕ್ಷೆಗೆ ನಿಂತಂತೆ ನಿಲ್ಲಬೇಕಿತ್ತು. ಕಂಪ್ಯೂಟರುಗಳ ಉಸ್ತುವಾರಿಗೆ ಬಂದ ಹೆಣ್ಣುಮಗಳೊಬ್ಬಳು ಇದನ್ನು ನೋಡಲಾರದೆ ಎಲ್ಲವನ್ನೂ ಒಂದೇ ಜಾಲಕ್ಕೆ ಸೇರಿಸಿದಳು. ಪ್ರತಿ ಪ್ರಿಂಟರಿಗೂ ಹೆಸರಿಟ್ಟಳು: ನೀರು, ಕಂದಾಯ, ಸಿಬ್ಬಂದಿ. ಕೂತಲ್ಲಿಂದಲೇ ಯಾವುದಕ್ಕೆ ಬೇಕಾದರೂ ಕಳಿಸಬಹುದಾಯಿತು. ಎಲ್ಲರೂ ಭೇಷ್ ಎಂದರು.

ಆದರೆ ಕಂಪ್ಯೂಟರ್ ಪ್ರಿಂಟರನ್ನು ಗುರುತಿಸುವುದು ಹೆಸರಿನಿಂದಲ್ಲ, ಅದರ ವಿಳಾಸದ ಸಂಖ್ಯೆಯಿಂದ. ಆ ಸಂಖ್ಯೆಯನ್ನು ಅಲುಗದಂತೆ ಕಟ್ಟಿಹಾಕಬೇಕು; ಇಲ್ಲದಿದ್ದರೆ ಯಂತ್ರ ಆರಿಸಿ ಮತ್ತೆ ಚಾಲೂ ಮಾಡಿದಾಗ ಅದು ಬದಲಾಗಬಹುದು. ಅವಳು ಕಟ್ಟಿರಲಿಲ್ಲ. ಯಂತ್ರಗಳು ಸದಾ ಚಾಲೂ ಇರುತ್ತಿದ್ದುದರಿಂದ ಅದು ಯಾರಿಗೂ ತಿಳಿಯಲಿಲ್ಲ.

ಆಯುಧಪೂಜೆ ಬಂತು. ಪ್ರಿಂಟರುಗಳನ್ನೆಲ್ಲ ಆರಿಸಿ, ಒರೆಸಿ, ವಿಭೂತಿ ಬಳಿದು, ಕುಂಕುಮವಿಟ್ಟು, ಚೆಂಡುಹೂ ಮುಡಿಸಿದರು. ಬಾಗಿಲಲ್ಲಿ ಕುಂಬಳಕಾಯಿ ಒಡೆದರು. ಹಬ್ಬ ಮುಗಿದು ಕಚೇರಿ ತೆರೆದ ದಿನ ಎಲ್ಲವನ್ನೂ ಒಟ್ಟಿಗೆ ಚಾಲೂ ಮಾಡಿದರು. ಮೊದಲು ಎದ್ದ ಯಂತ್ರ ಮೊದಲ ಸಂಖ್ಯೆ ಹಿಡಿಯಿತು. ಸಿಬ್ಬಂದಿ ವಿಭಾಗದ ಸಂಖ್ಯೆ ನೀರಿನ ವಿಭಾಗದ ಪ್ರಿಂಟರಿಗೆ ಹೋಯಿತು. ಪೂಜೆಯಲ್ಲಿ ಕುಂದೇನೂ ಇರಲಿಲ್ಲ. ಪೂಜೆಗೆಂದು ಎಲ್ಲವನ್ನೂ ಆರಿಸುತ್ತಾರೆಂದು ಅವಳು ಎಣಿಸಿರಲಿಲ್ಲ, ಅಷ್ಟೇ.

ಅದೇ ಮಧ್ಯಾಹ್ನ, ಬೀದಿ ಗುಡಿಸುವ ಪೌರಕಾರ್ಮಿಕರನ್ನು ಕಾಯಂ ಮಾಡಲು ಮೇಲಿನಿಂದ ಒಪ್ಪಿಗೆ ಬಂತು. ಸಂಜೆಗೆ ಚುನಾವಣೆಯ ಘೋಷಣೆಯಾಗುತ್ತದೆಂಬ ಸುದ್ದಿಯೂ ಬಂತು. ಘೋಷಣೆಯಾದರೆ ನೀತಿಸಂಹಿತೆ, ಆಮೇಲೆ ಒಂದು ಆದೇಶವನ್ನೂ ಕೊಡುವಂತಿಲ್ಲ. ವರ್ಷಗಟ್ಟಲೆ ಕಾದವರು ಮತ್ತೆಷ್ಟು ಕಾಯಬೇಕೋ ಯಾರು ಬಲ್ಲರು? ಹೆಂಗಸರು ಪೊರಕೆಗಳನ್ನು ಗೋಡೆಗೊರಗಿಸಿ ಅಂಗಳದಲ್ಲಿ ಕೂತರು.

ಸಿಬ್ಬಂದಿ ವಿಭಾಗದ ಗುಮಾಸ್ತ ಮೊದಲ ಆದೇಶವನ್ನು ಪ್ರಿಂಟಿಗೆ ಕಳಿಸಿದ. ಅದು ದುರುಗಮ್ಮ ಎಂಬವಳದು. ಅವನ ಪಕ್ಕದಲ್ಲೇ ಇದ್ದ ಪ್ರಿಂಟರ್ ಮಿಸುಕಲಿಲ್ಲ. ಮತ್ತೆ ಕಳಿಸಿದ. ಮತ್ತೆ ಮತ್ತೆ ಕಳಿಸಿದ. ಅದರ ನೆತ್ತಿಗೆ ತಟ್ಟಿದ. ಕೊನೆಗೆ ಅದಕ್ಕೆ ಕೈಯನ್ನೂ ಮುಗಿದ. ಕಂಪ್ಯೂಟರಿನಲ್ಲಿ ಮಾತ್ರ ‘ಹೋಗಿದೆ’ ಎಂದೇ ಬರುತ್ತಿತ್ತು. ಉಸ್ತುವಾರಿಯ ಹೆಣ್ಣುಮಗಳು ಓಡಿಬಂದು ತಂತಿಗಳನ್ನು ಒಂದೊಂದಾಗಿ ಎಳೆದು ನೋಡಿದಳು. ತಂತಿ ಸರಿಯಾಗಿಯೇ ಇತ್ತು. ಹೊತ್ತು ಜಾರುತ್ತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬಾರದಂತಾಯಿತಲ್ಲ ಎಂದು ಅವಳಿಗೆ ಅಳು ಬಂತು.

ಮಹಡಿಯ ಮೇಲೆ ನೀರಿನ ವಿಭಾಗದ ಪ್ರಿಂಟರಿನಿಂದ ಹಾಳೆಗಳು ಬರುತ್ತಲೇ ಇದ್ದವು. ಅಲ್ಲಿನ ಗುಮಾಸ್ತ ಕಡು ಜಿಪುಣ. ಒಂದು ರೀಮ್ ಕಾಗದಕ್ಕಾಗಿ ಉಗ್ರಾಣದವನ ಹಿಂದೆ ಅಲೆದು ಅಲೆದು ತಂದು, ಬೀರುವಿನಲ್ಲಿಟ್ಟು ಬೀಗ ಹಾಕಿದ್ದ. ತನ್ನದಲ್ಲದ ಹಾಳೆ ಬಂದರೆ ಓದದೆ ಮಗುಚಿಟ್ಟು, ಹಿಂಬದಿಯಲ್ಲಿ ತನ್ನ ಟಿಪ್ಪಣಿ ಗೀಚುವುದು ಆ ಕಚೇರಿಯ ವಾಡಿಕೆ. ಅವನೂ ಮಗುಚಿ ಮಗುಚಿ ಇಟ್ಟ. ಕಾಗದ ಮುಗಿದು ಯಂತ್ರ ಕೂಗಿಕೊಂಡಾಗ ಅವನ ಪಿತ್ತ ನೆತ್ತಿಗೇರಿತು. ತನ್ನ ಕಾಗದ ತಿಂದವರು ಯಾರೆಂದು ಒಂದು ಹಾಳೆ ತಿರುಗಿಸಿ ಓದಿದ. ಇನ್ನೊಂದು ಓದಿದ. ಅದೂ ಅದೇ. ಕಿಟಕಿಗೆ ಬಂದು ಅಂಗಳಕ್ಕೆಲ್ಲ ಕೇಳುವಂತೆ ಕೂಗಿದ:

“ಯಾರ್ರೀ ಅದು ಕೆಳಗೆ? ಈ ದುರುಗಮ್ಮನ್ನ ಎಷ್ಟು ಸಲ ಕಾಯಂ ಮಾಡ್ತೀರ್ರೀ?”

ಅಂಗಳದವರೆಲ್ಲ ತಲೆಯೆತ್ತಿ ನೋಡಿದರು. ಒಬ್ಬಳು ಎದ್ದು ನಿಂತಳು.

“ನಾನೇ ಸಾರ್ ದುರುಗಮ್ಮ! ಒಂದು ಸಲ ಮಾಡಿದ್ರೆ ಸಾಕು ಸಾರ್!”

ಗುಮಾಸ್ತ ಅವಳನ್ನು ನೋಡಿದ. ದಿನವೂ ಅವನ ಮನೆಯ ಮುಂದಿನ ಬೀದಿ ಗುಡಿಸುವವಳು. ಹೆಸರು ಮಾತ್ರ ಅವನಿಗೆ ತಿಳಿದದ್ದು ಅಂದೇ. ಅವನು ಯಂತ್ರ ಆರಿಸಿ ಕೂರಬಹುದಿತ್ತು. ಆರಿಸಲಿಲ್ಲ. ಬೀರುವಿನ ಬೀಗ ತೆಗೆದು, ತನ್ನ ರೀಮ್ ಬಿಚ್ಚಿ ಪ್ರಿಂಟರಿಗೆ ತುಂಬಿದ.

ಕೆಳಗೆ ಹೆಣ್ಣುಮಗಳು ಹಣೆ ಬಡಿದುಕೊಂಡು ನಕ್ಕಳು. ಸಂಖ್ಯೆ ಸರಿಪಡಿಸುವುದು ನಾಳೆಗಿರಲಿ, ಎಲ್ಲವೂ ಮೇಲಕ್ಕೇ ಹೋಗಲಿ ಎಂದಳು. ಉಳಿದ ಆದೇಶಗಳು ಒಂದರ ಹಿಂದೊಂದು ಹೊರಟವು. ಮುಖ್ಯಾಧಿಕಾರಿ ಸೀಲು ಹಿಡಿದು ಮೆಟ್ಟಿಲು ಹತ್ತಿ, ನೀರಿನ ವಿಭಾಗದ ಮೇಜಿನ ಮೇಲೆಯೇ ಸಹಿ ಹಾಕಿದರು. ಗುಮಾಸ್ತ ಕಿಟಕಿಯಲ್ಲಿ ನಿಂತು ಹೆಸರು ಕೂಗಿದ. ಹೆಸರು ಹೆಸರಿಗೂ ಅಂಗಳದಲ್ಲಿ ಚಪ್ಪಾಳೆ. ಒಬ್ಬರ ಪ್ರಿಂಟರ್ ಒಬ್ಬರು ಮುಟ್ಟದಿದ್ದ ಕಂದಾಯದವರು, ಜನನ ಮರಣದವರು, ಎಲ್ಲರೂ ಕುರ್ಚಿ ಬಿಟ್ಟು ಬಂದು ಆದೇಶಗಳನ್ನು ಕೈಯಿಂದ ಕೈಗೆ ಇಳಿಸಿದರು.

ಟಿವಿಯಲ್ಲಿ ಚುನಾವಣೆಯ ಘೋಷಣೆ ಬರುವ ಹೊತ್ತಿಗೆ ಕೊನೆಯ ಆದೇಶವೂ ಕೈಸೇರಿತ್ತು. ಗೆದ್ದರು, ಚನ್ನವೀರ, ಗೆದ್ದರು! ದುರುಗಮ್ಮ ಮಹಡಿ ಹತ್ತಿ ಬಂದು, ಪ್ರಿಂಟರಿನ ಮೇಲಿದ್ದ ಚೆಂಡುಹೂ ತೆಗೆದು ತುರುಬಿಗೆ ಮುಡಿದುಕೊಂಡಳು. ಹೆಂಗಸರು ಪೊರಕೆಗಳನ್ನು ಎತ್ತಿ ಹಿಡಿದು ಬೀದಿಗಿಳಿದರು. ಪಟ್ಟಕ್ಕೇರಿದ ರಾಣಿಯರೂ ಹಾಗೆ ನಡೆದಿರಲಾರರು. ಮರುದಿನ ಆ ಹೆಣ್ಣುಮಗಳು ಪ್ರತಿ ಪ್ರಿಂಟರಿಗೂ ಅದರದೇ ಸಂಖ್ಯೆಯನ್ನು ಕದಲದಂತೆ ಕಟ್ಟಿದಳು. ನೀರಿನ ವಿಭಾಗದ ಗುಮಾಸ್ತ ಮಾತ್ರ ಅಂದಿನಿಂದ ತನ್ನದಲ್ಲದ ಹಾಳೆಯನ್ನು ಓದದೆ ಮಗುಚಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರನ ಮುಖ ಅರಳಿತ್ತು.

“ಹಾಗಾದರೆ ಬುದ್ಧಿ, ನನ್ನ ಪ್ರಾರ್ಥನೆಯೂ ಯಾರದೋ ಕೋಣೆಗೆ ಹೋಗಿ ಬಿದ್ದಿರಬೇಕು. ಅವರು ಅದನ್ನು ಓದುವುದು ಯಾವಾಗ?”

“ಅದು ನನಗೆ ತಿಳಿಯದು. ಆದರೆ ಜಗಲಿಯ ಮೇಲೆ ಕೂತಿರುವ ತಾಯಿಯ ಪ್ರಾರ್ಥನೆ ನಿನ್ನ ಕೋಣೆಗೆ ಬಂದು ಬೆಳಿಗ್ಗೆಯಿಂದ ಮಗುಚಿಕೊಂಡು ಬಿದ್ದಿದೆ.”

ಚನ್ನವೀರ ಎದ್ದು ಜಗಲಿಗೆ ನಡೆದ.